ಸಮಸ್ತ ಯೂಸರ್‌ಗಳ ಒಪ್ಪಿಗೆ ಪತ್ರ

ಅಜ್ಜಂಪುರದ ರುದ್ರಮೂರ್ತಿಯವರಿಗೆ ಕಂಪ್ಯೂಟರ್ ಗೊತ್ತು ಎಂದು ಊರಿನಲ್ಲಿ ಯಾರೂ ಹೇಳಿದ್ದಲ್ಲ, ಅವರೇ ಹೇಳಿಕೊಂಡದ್ದು. ಅದಕ್ಕೆ ಆಧಾರವೂ ಇತ್ತೆನ್ನಿ. ಸ್ಟೇಷನ್ ರಸ್ತೆಯ ಕಲ್ಪವೃಕ್ಷ ವಾಚನಾಲಯದಲ್ಲಿ ಒಮ್ಮೆ ಪ್ರಿಂಟರ್ ಮುಷ್ಕರ ಹೂಡಿದಾಗ, ರುದ್ರಮೂರ್ತಿ ಅದರ ಹೊಟ್ಟೆಯೊಳಗೆ ಕೈಹಾಕಿ ಯಾರದೋ ಲಗ್ನಪತ್ರಿಕೆಯನ್ನು ಹೊರಗೆಳೆದಿದ್ದರು. ಪ್ರಿಂಟರ್ ಓಡಿತು. ಮರುವಾರವೇ ಗೋಡೆಯ ಮೇಲೆ ಒಂದು ಹಲಗೆ ಬಂತು: 'ರುದ್ರಮೂರ್ತಿ, ಕಂಪ್ಯೂಟರ್ ಉಸ್ತುವಾರಿ'. ಹಲಗೆ ಬರೆಸಿದ್ದೂ ಅವರೇ, ಮೊಳೆ ಹೊಡೆದದ್ದೂ ಅವರೇ. ವಾಚನಾಲಯದ ಅಧ್ಯಕ್ಷರಾದ ಕೊಬ್ಬರಿ ವ್ಯಾಪಾರದ ಓಂಕಾರಮೂರ್ತಿ ಅದನ್ನು ನೋಡಿ, "ಇರ್ಲಿ ಬಿಡ್ರಿ, ಗೋಡೆ ಹೆಂಗೂ ಖಾಲಿ ಇತ್ತು" ಅಂದರು.

ರುದ್ರಮೂರ್ತಿಯವರ ಅಸಲು ಕಸುಬು ಪತ್ರ ಬರೆಯುವುದು. ಪ್ರೇಮಪತ್ರವಲ್ಲ ಸ್ವಾಮಿ, ಕ್ರಯಪತ್ರ, ದಾನಪತ್ರ, ವಿಭಾಗಪತ್ರ. ತರೀಕೆರೆಯಲ್ಲಿ ಒಂದು ಮೇಜು ಒಂದು ಕುರ್ಚಿ ಹಾಕಿಕೊಂಡು ಮೂವತ್ತೊಂದು ವರ್ಷ ಊರವರ ಹೊಲ, ಮನೆ, ತೋಟ, ಬಾವಿಯ ಅರ್ಧ ಭಾಗ, ಎಲ್ಲವನ್ನೂ ಕಾಗದಕ್ಕಿಳಿಸಿದ ಕೈ ಅದು. ಈಗ ಆ ಕೈಗೆ ಅರವತ್ತೆರಡು ವರ್ಷ. ಆ ಮೂವತ್ತೊಂದು ವರ್ಷದಲ್ಲಿ ಅವರು ಕಲಿತದ್ದು ಒಂದೇ ಮಾತು: ಹಕ್ಕಿರುವವರೆಲ್ಲರ ಸಹಿ ಬೀಳಬೇಕು, ಒಂದು ಸಹಿ ಬಿಟ್ಟರೂ ಮನೆ ಒಡೆಯುತ್ತದೆ. ಯಾಕೆಂದರೆ ಹಿರೇನಲ್ಲೂರಿನ ಒಂದು ವಿಭಾಗಪತ್ರದಲ್ಲಿ ಅವರು ಒಬ್ಬ ಹೆಣ್ಣುಮಗಳ ಸಹಿ ಹಾಕಿಸುವುದನ್ನು ಮರೆತಿದ್ದರು. ಆ ಅಣ್ಣತಮ್ಮಂದಿರು ತಂಗಿಯ ಮನೆಗೆ ಹೋಗಿ ಇಪ್ಪತ್ತು ವರ್ಷದ ಮೇಲಾಗಿದೆ. ಆ ತಪ್ಪು ನೆನಪಾದರೆ ರುದ್ರಮೂರ್ತಿಯವರಿಗೆ ಈಗಲೂ ಊಟ ಸೇರುವುದಿಲ್ಲ.

ಇಷ್ಟು ತಿಳಿದಿದ್ದರೆ ಮುಂದೆ ಆದದ್ದಕ್ಕೆ ಯಾರೂ ಅವರನ್ನು ಬೈಯಲಾರರು.

ಒಂದು ಗುರುವಾರ ಸಂಜೆ ನರ್ಸ್ ಸಂಘಮಿತ್ರಾ ವಾಚನಾಲಯಕ್ಕೆ ಬಂದಳು. ಹನುಮಂತಯ್ಯನವರ ಮಗಳು, ಮೂವತ್ತನಾಲ್ಕು ವರ್ಷ, ಅಜ್ಜಂಪುರ ಸುತ್ತಿನ ಹಳ್ಳಿಗಳಲ್ಲಿ ಅವಳ ಸ್ಕೂಟಿಯ ಸದ್ದು ಕೇಳದ ಓಣಿಯಿಲ್ಲ. ಡ್ಯೂಟಿ ಮುಗಿಸಿ ದಿನಾ ಸಂಜೆ ಇಲ್ಲಿ ಕೂತು ಓದುತ್ತಿದ್ದಳು. ಅಂಚೆ ಮೂಲಕ ಸಾರ್ವಜನಿಕ ಆರೋಗ್ಯದ ಡಿಪ್ಲೊಮಾ. ಹೋದ ವರ್ಷ ತಾಯಿಯನ್ನು ಆಸ್ಪತ್ರೆಗೆ ಸೇರಿಸಿದ್ದರಿಂದ ಪ್ರಾಜೆಕ್ಟ್ ಕಳಿಸಲಾಗಲಿಲ್ಲ. ಈ ವರ್ಷ ಕಡೆಯ ಅವಕಾಶ.

"ರುದ್ರಣ್ಣಾ, ಸೋಮವಾರ ಸಂಜೆ ನಾಲ್ಕರೊಳಗೆ ನನ್ನ ರಿಪೋರ್ಟ್ ಹೋಗ್ಬೇಕು. ಇಲ್ಲಾಂದ್ರೆ ಎರಡು ವರ್ಷದ ಓದು ಅಷ್ಟೇ ಕತೆ," ಅಂದಳು. "ನಾನ್ನೂರ ಎಂಬತ್ತು ಹೆಂಗಸರ ರಕ್ತದ ಲೆಕ್ಕ ತಂದಿದೀನಿ. ಮಾತ್ರೆ ತಿಂದ್ರೂ ಯಾರಿಗ್ಯಾಕೆ ರಕ್ತ ಏರ್ತಿಲ್ಲ ಅಂತ ನೋಡ್ಬೇಕು. ಅದಕ್ಕೆ 'ಆರ್' ಅಂತ ಒಂದು ಸಾಫ್ಟ್‌ವೇರ್. ಅದು ಈ ಕಂಪ್ಯೂಟರಲ್ಲಿ ಆಗ್ಲೇ ಇದೆ. ಅದಕ್ಕೆ ಮೂರು ಪ್ಯಾಕೇಜ್ ಸೇರಿಸ್ಬೇಕು."

"ಆರ್? ಬರೀ ಆರ್?" ರುದ್ರಮೂರ್ತಿ ಕನ್ನಡಕ ಏರಿಸಿದರು. "ತಂದೆ ಹೆಸರಿಲ್ಲ, ಊರಿಲ್ಲ. ಇಂಥವನನ್ನ ನಂಬಿ ನಾನ್ನೂರ ಎಂಬತ್ತು ಹೆಂಗಸರ ರಕ್ತ ಕೊಟ್ಟಿದೀಯಲ್ಲ ತಾಯಿ?"

ಸಂಘಮಿತ್ರಾ ನಕ್ಕಳು. ತನ್ನ ಹೆಸರಿನಲ್ಲಿ ಲಾಗಿನ್ ಆಗಿ ಪ್ಯಾಕೇಜ್ ಹಾಕಲು ಹೋದಳು. ಈ ಜಾಗದಲ್ಲಿ ಬರೆಯಲು ನಿಮಗೆ ಅಪ್ಪಣೆಯಿಲ್ಲ ಎಂದಿತು ಯಂತ್ರ. ರುದ್ರಮೂರ್ತಿ, "ಸರಿ ಸರಿ, ಉಸ್ತುವಾರಿ ಹೆಸರಲ್ಲಿ ನೋಡೋಣ" ಎಂದು ತಮ್ಮ ಹೆಸರಿನಲ್ಲಿ ಲಾಗಿನ್ ಆದರು. ಅವರಿಗೂ ಅದೇ ಉತ್ತರ. ಜೊತೆಗೊಂದು ಸಣ್ಣ ಚೌಕ ಮೂಡಿತು. ಅದರಲ್ಲಿ ಎರಡು ಸಾಲು: 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್'. ಕೆಳಗೆ, 'ಪರ್ಮಿಷನ್ ರಿಕ್ವೈರ್ಡ್'.

ರುದ್ರಮೂರ್ತಿ ಆ ಎರಡು ಸಾಲುಗಳನ್ನು ಮೂರು ಸಲ ಓದಿದರು. ಅವರ ಮುಖದಲ್ಲಿ ಮೆಲ್ಲಗೆ ಬೆಳಕು ಮೂಡಿತು.

"ನೋಡ್ದಾ! ಎಂಥ ನ್ಯಾಯವಂತ ಕಂಪ್ಯೂಟರ್ ಇದು! ಎಲ್ಲರಿಗೂ ಹಾಕ್ಬೇಕು ಅಂದ್ರೆ ಎಲ್ಲರ ಒಪ್ಪಿಗೆ ಬೇಕು ಅಂತಿದೆ. ಜಂಟಿ ಸ್ವತ್ತು ಕಣವ್ವ ಇದು. ಒಬ್ಬರು ಬಂದು ಏನೇನೋ ತುಂಬಿಸಿಬಿಡೋಕಾಗುತ್ತಾ?"

"ಅಯ್ಯೋ ಅಣ್ಣಾ, ಅದು ಅಡ್ಮಿನ್ ಪಾಸ್‌ವರ್ಡ್ ಕೇಳ್ತಿದೆ ಅಷ್ಟೇ."

"ಅಡ್ಮಿನ್ ಯಾರು?"

"ಅದೇ ಗೊತ್ತಾಗ್ಬೇಕು."

"ಅದೇನ್ ಗೊತ್ತಾಗೋದು, ಗೋಡೆ ನೋಡು," ಎಂದು ರುದ್ರಮೂರ್ತಿ ಹಲಗೆ ತೋರಿಸಿದರು. "ನೀನು ಡ್ಯೂಟಿ ನೋಡ್ಕೊ ಹೋಗು. ಸೋಮವಾರ ಮಧ್ಯಾಹ್ನ ಬಾ. ಕಾನೂನು ಪ್ರಕಾರ, ಯಾರೂ ನಾಳೆ ತಕರಾರು ತೆಗೀದ ಹಾಗೆ ಮಾಡಿಕೊಡ್ತೀನಿ. ಇದು ನನ್ನ ಮಾತು."

ಪಾಪ ಸಂಘಮಿತ್ರಾ! ಶುಕ್ರವಾರದಿಂದ ಭಾನುವಾರದವರೆಗೆ ಹಳ್ಳಿಗಳಲ್ಲಿ ಲಸಿಕೆ ಶಿಬಿರ. ಊರಿನ ಸೈಬರ್ ಸೆಂಟರ್ ಮುಚ್ಚಿ ಮೊಬೈಲ್ ರೀಚಾರ್ಜ್ ಅಂಗಡಿಯಾಗಿ ನಾಲ್ಕು ವರ್ಷ. ಅವಳ ಸ್ವಂತ ಲ್ಯಾಪ್‌ಟಾಪ್ ಮಳೆಗಾಲದಲ್ಲಿ ತೀರಿಕೊಂಡಿತ್ತು. ರುದ್ರಣ್ಣನ ಮಾತನ್ನು ನಂಬಿ ಹೋದಳು.

ಶುಕ್ರವಾರ ಬೆಳಿಗ್ಗೆ ರುದ್ರಮೂರ್ತಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ಛಾಪಾ ಕಾಗದ ಹರಡಿಕೊಂಡು ಕೂತರು. ಕೆಲಸ ಬಿಟ್ಟು ಏಳು ವರ್ಷದ ಮೇಲೆ ಕೈಗೆ ಮತ್ತೆ ಹುರುಪು ಬಂದಿತ್ತು. ಹೆಂಡತಿ ಕೋಮಲಾ ಕಾಫಿ ತಂದಿಟ್ಟು ಬಗ್ಗಿ ನೋಡಿದರೆ, ಅಕ್ಷರಗಳು ಸಾಲು ಸಾಲಾಗಿ ನಡೆದಿದ್ದವು:

'ಕೆಳಗೆ ಸಹಿ ಮಾಡಿರುವ ಯೂಸರುಗಳಾದ ನಾವುಗಳು, ಸ್ವಇಚ್ಛೆಯಿಂದ, ಯಾರ ಒತ್ತಾಯ ಪ್ರೇರಣೆಗಳಿಲ್ಲದೆ, ಸ್ಥಿರಬುದ್ಧಿಯುಳ್ಳವರಾಗಿ ಬರೆಸಿಕೊಟ್ಟ ಒಪ್ಪಿಗೆ ಪತ್ರದ ಕ್ರಮವೇನೆಂದರೆ: ಪೂರ್ವಕ್ಕೆ ಕಿಟಕಿ, ಪಶ್ಚಿಮಕ್ಕೆ ದಿನಪತ್ರಿಕೆ ಸ್ಟ್ಯಾಂಡು, ಉತ್ತರಕ್ಕೆ ಧನಪಾಲ್‌ರವರ ಗೊಬ್ಬರದಂಗಡಿ ಗೋಡೆ, ದಕ್ಷಿಣಕ್ಕೆ ನಡೆದಾಡುವ ದಾರಿ, ಈ ಚೆಕ್ಕುಬಂದಿಯ ಮಧ್ಯೆ ಇರುವ ಕಂಪ್ಯೂಟರಿನೊಳಗೆ, ಆರ್ ಎಂಬುವರಿಗೆ ಸಂಬಂಧಿಸಿದ ಮೂರು ಪ್ಯಾಕೇಜುಗಳನ್ನು ಸಮಸ್ತ ಯೂಸರುಗಳ ಉಪಯೋಗಾರ್ಥ ಇಳಿಸಿಕೊಳ್ಳಲು ನಮ್ಮದಾಗಲಿ, ನಮ್ಮ ವಾರಸುದಾರರದಾಗಲಿ ಯಾವ ಆಕ್ಷೇಪಣೆಯೂ ಇರುವುದಿಲ್ಲ.'

"ಇದನ್ನ ಓದೋರ್ಯಾರ್ರೀ?" ಅಂದರು ಕೋಮಲಾ.

"ಕಂಪ್ಯೂಟರ್."

"ಅದಕ್ಕೆ ಕನ್ನಡ ಬರುತ್ತಾ?"

ಈ ಪ್ರಶ್ನೆ ರುದ್ರಮೂರ್ತಿಯವರಿಗೆ ಹೊಳೆದಿರಲಿಲ್ಲ. ಒಂದು ಗಳಿಗೆ ಯೋಚಿಸಿ, "ಅಜ್ಜಂಪುರದಲ್ಲಿ ಏಳು ವರ್ಷದಿಂದ ಇದೆಯಲ್ಲೇ, ಬರದೆ ಏನು" ಅಂದರು.

ವಾಚನಾಲಯದ ಕಂಪ್ಯೂಟರ್ ಶುರುವಿನಲ್ಲಿ ಎಲ್ಲರಿಗೂ ಒಂದೇ ಆಗಿತ್ತು. ಒಬ್ಬರು ಪರದೆ ಮೇಲೆ ತಮ್ಮ ಮಠದ ಗುರುಗಳ ಫೋಟೊ ಹಾಕಿದರೆ ಇನ್ನೊಬ್ಬರು ತಮ್ಮ ಎಮ್ಮೆಯ ಫೋಟೊ ಹಾಕಿ ದೊಡ್ಡ ಜಗಳವಾದ ಮೇಲೆ, ಆರು ಜನಕ್ಕೆ ಆರು ಹೆಸರು ಬೇರೆಬೇರೆ ಮಾಡಿದ್ದರು. ಆನ್ ಮಾಡಿದರೆ ಆರೂ ಹೆಸರು ಸಾಲಾಗಿ ಬರುತ್ತಿದ್ದವು. ರುದ್ರಮೂರ್ತಿ ಅದನ್ನು ನೋಡಿ ಪಟ್ಟಿ ಇಳಿಸಿಕೊಂಡರು: ಓಂಕಾರಮೂರ್ತಿ, ಧನಪಾಲ್, ಕಾಂತರಾಜ್, ಸಂಘಮಿತ್ರಾ, ಮಲ್ಲಿಕಾರ್ಜುನಯ್ಯ, ತಾವು.

ಮೊದಲು ಅಧ್ಯಕ್ಷ ಓಂಕಾರಮೂರ್ತಿ. ಅವರು ಕೊಬ್ಬರಿ ಚೀಲದ ಮೇಲೆ ಕಾಗದ ಇಟ್ಟುಕೊಂಡು, ಓದದೆ, ಫೋನಿನಲ್ಲಿ ಮಾತಾಡುತ್ತಲೇ ಸಹಿ ಹಾಕಿದರು. ಹತ್ತು ನಿಮಿಷದ ನಂತರ ಅವರಿಗೆ ತಾವು ಮಾಡಿದ್ದೇನೆಂದು ಹೊಳೆಯಿತು. ರುದ್ರಮೂರ್ತಿ. ಛಾಪಾ ಕಾಗದ. ಕಣ್ಣಂಚಿಗೆ ಬಿದ್ದ ಚೆಕ್ಕುಬಂದಿ. ಈ ಮೂರೂ ಒಟ್ಟಿಗೆ ಬಂದರೆ ಊರಿನಲ್ಲಿ ಒಂದೇ ಅರ್ಥ.

"ಲೇ ತಿಪ್ಪೇಶಾ!" ಎಂದು ಅಂಗಡಿಯ ಆಳನ್ನು ಕೂಗಿದರು. "ವಾಚನಾಲಯದ ಜಾಗ ಮಾರ್ತಾವ್ರೆ ಕಣೋ! ನನ್ ಸಹಿ ಹಾಕಿಸ್ಕೊಂಡ್ ಹೋಗ್ಬಿಟ್ಟ ಮಾರಾಯ!"

ತಿಪ್ಪೇಶನಿಗೆ ಹೇಳಿದ ಮಾತು ಮಧ್ಯಾಹ್ನದ ಊಟದ ಹೊತ್ತಿಗೆ ಅಜ್ಜಂಪುರ ಸುತ್ತಿ ಬಂತು. ಸಂಜೆಗೆ ಕೊಳ್ಳುವವನ ಹೆಸರೂ ಗೊತ್ತಾಯಿತು. ಆರ್ ಎಂಬುವನಂತೆ. ಪೂರ್ತಿ ಹೆಸರು ಹೇಳಲು ಹೆದರುತ್ತಿದ್ದಾರಂತೆ, ಅಷ್ಟು ದೊಡ್ಡ ಕುಳವಂತೆ.

ಈ ಸುದ್ದಿ ಇನ್ನೂ ದಾರಿಯಲ್ಲಿದ್ದಾಗ ರುದ್ರಮೂರ್ತಿ ಪಕ್ಕದ ಗೊಬ್ಬರದಂಗಡಿಗೆ ಹೋದರು. ಧನಪಾಲರಿಗೂ ಅವರಿಗೂ ವಾಚನಾಲಯದ ನೀರು ಯಾವ ಕಡೆ ಹರಿಯಬೇಕು ಎಂಬ ವಿಷಯದಲ್ಲಿ ಮಾತು ನಿಂತು ಎರಡು ವರ್ಷ. ಧನಪಾಲರು ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಊರಿನಲ್ಲಿ ಅದನ್ನು ಪೂರ್ತಿ ಓದಿದ ಪುಣ್ಯಾತ್ಮರು ಅವರೊಬ್ಬರೇ.

"ಎಲ್ಲರಿಗೂ ಅಂದ್ರೆ ನನಗೂ ಬರುತ್ತೆ ಅಂತಾಯ್ತು. ನನಗೆ ಬೇಡ," ಅಂದರು.

"ಬರ್ಲಿ ಬಿಡ್ರಿ, ಒಂದು ಮೂಲೇಲಿ ಬಿದ್ದಿರುತ್ತೆ."

"ನನ್ನ ಮೂಲೇಲಿ ಬೇರೆಯವರದ್ದು ಯಾಕ್ರೀ ಬೀಳ್ಬೇಕು? ನೀರು ಬಿಟ್ಟಿದ್ದು ಸಾಲ್ದಾ? ನನ್ನ ಭಾಗದ ಕಂಪ್ಯೂಟರ್ ನನಗೆ ಬೇರೆ ಮಾಡ್ಕೊಡಿ, ಆಮೇಲೆ ನಿಮ್ಮ ಭಾಗದಲ್ಲಿ ಏನು ಬೇಕಾದ್ರೂ ಬಿತ್ಕೊಳಿ."

ರುದ್ರಮೂರ್ತಿ ನಿಜಕ್ಕೂ ಯೋಚನೆಗೆ ಬಿದ್ದರು. ಕಂಪ್ಯೂಟರನ್ನು ಉದ್ದಕ್ಕೆ ಭಾಗ ಮಾಡುವುದೋ ಅಡ್ಡಕ್ಕೋ ಎಂದು ಲೆಕ್ಕ ಹಾಕತೊಡಗಿದರು. ಅಷ್ಟರಲ್ಲಿ ಒಳಗಿನಿಂದ ಧನಪಾಲರ ಹೆಂಡತಿಯ ದನಿ ಬಂತು: "ಯಾರಿಗ್ರೀ ಅದು? ಸಂಘಮಿತ್ರಾ ಸಿಸ್ಟರ್‌ಗಾ? ನನ್ನ ರಕ್ತದ ಲೆಕ್ಕಾನೂ ಅದರಲ್ಲಿದೆ. ಹೋದ ವರ್ಷ ನಾನು ಎದ್ದು ಓಡಾಡೋ ಹಂಗೆ ಆಗಿದ್ದು ಯಾರಿಂದ? ಸುಮ್ನೆ ಸಹಿ ಹಾಕಿ ಒಳಗೆ ಬನ್ನಿ."

ಧನಪಾಲರು ಸಹಿ ಹಾಕಿದರು. ಪಕ್ಕದಲ್ಲಿ 'ನೀರಿನ ತಕರಾರು ಬಾಕಿ ಇರುತ್ತದೆ' ಎಂದು ಷರಾ ಬರೆದರು. ಎರಡು ವರ್ಷದ ಮೇಲೆ ಇಬ್ಬರೂ ಮಾತಾಡಿದ್ದರು ಎಂಬುದು ಇಬ್ಬರಿಗೂ ಹೊಳೆದದ್ದು ಆಮೇಲೆ.

ಶನಿವಾರ ತರೀಕೆರೆ ಬಸ್ಸು. ಕಾಂತರಾಜ್ ಅಲ್ಲಿನ ಅಕ್ಕಿ ಗಿರಣಿಯಲ್ಲಿ ರೈಟರ್ ಆಗಿ ಹೋಗಿ ವರ್ಷವಾಗಿತ್ತು. ಅವನು ಸಹಿಯನ್ನೇನೋ ಹಾಕಿದ. ಹಾಕಿ, "ರುದ್ರಣ್ಣ, ಪಕ್ಕದ ಬೀದೀಲಿ ಚಂದ್ರಕುಮಾರ್ ಅಂತ ಕಂಪ್ಯೂಟರ್ ರಿಪೇರಿಯವನಿದಾನೆ, ಒಂದ್ಮಾತು ಕೇಳ್ಬಿಡಿ" ಅಂದ. ರುದ್ರಮೂರ್ತಿ ಕೇಳಿದರು. ಚಂದ್ರಕುಮಾರ್ ಪತ್ರವನ್ನು ಎರಡೂ ಕಡೆ ತಿರುಗಿಸಿ ನೋಡಿ ಗಂಭೀರವಾಗಿ ಹೇಳಿದ: "ಸಾರ್, ಅಡ್ಮಿನ್ ಪಾಸ್‌ವರ್ಡ್ ಇಲ್ಲ ಅಂದ್ರೆ ಎಲ್ಲಾ ಅಳಿಸಿ ಹೊಸದಾಗಿ ಹಾಕ್ಬೇಕು. ಒಳಗಿರೋದೆಲ್ಲಾ ಹೋಗುತ್ತೆ. ತಂದುಬಿಡಿ, ಮೂರು ದಿನ."

"ಒಳಗಿರೋದು ಅಂದ್ರೆ ಆ ಹುಡುಗಿ ನಾನ್ನೂರ ಎಂಬತ್ತು ಹೆಂಗಸರೂ ಹೋಗ್ಬಿಡ್ತಾರಾ?"

"ಎಲ್ಲಾರೂ."

"ಬಿಡ್ತು ಅನ್ನೋ," ಎಂದು ರುದ್ರಮೂರ್ತಿ ಪತ್ರ ಮಡಚಿಕೊಂಡು ಎದ್ದರು. ಸಹಿ ಹಾಕಿಸಿ ಮುಗಿಸುವುದನ್ನು ಬಿಟ್ಟು ಅಳಿಸುವ ಮಾತಾಡುವವನ ಅಂಗಡಿಯಲ್ಲಿ ಅವರು ನೀರನ್ನೂ ಕುಡಿಯಲಿಲ್ಲ.

ಉಳಿದ ಹೆಸರು ಒಂದು, ಮಲ್ಲಿಕಾರ್ಜುನಯ್ಯ. ಇದೇ ಕಷ್ಟದ್ದು. ಗಣಿತದ ಮೇಷ್ಟ್ರಾಗಿ ನಿವೃತ್ತರಾದವರು, ವಾಚನಾಲಯಕ್ಕೆ ಕಂಪ್ಯೂಟರ್ ತಂದು ಹಚ್ಚಿಕೊಟ್ಟವರೇ ಅವರು. ತೀರಿಕೊಂಡು ಒಂಬತ್ತು ತಿಂಗಳಾಗಿತ್ತು. ಅವರ ಹೆಸರು ಮಾತ್ರ ಪರದೆಯ ಮೇಲೆ ಹಾಗೆಯೇ ಬರುತ್ತಿತ್ತು. ಅಳಿಸಲು ಯಾರಿಗೂ ಬರುತ್ತಿರಲಿಲ್ಲ ಎಂಬುದು ಒಂದು ಕಾರಣ, ಯಾರಿಗೂ ಮನಸ್ಸಿರಲಿಲ್ಲ ಎಂಬುದು ಇನ್ನೊಂದು. ರುದ್ರಮೂರ್ತಿಯವರ ಕಾನೂನಿನ ಪ್ರಕಾರ ಹಕ್ಕುದಾರ ತೀರಿಕೊಂಡರೆ ವಾರಸುದಾರರ ಸಹಿ ಬೇಕು, ವಾರಸುದಾರರು ಯಾರೆಂದು ತಿಳಿಯಲು ವಂಶವೃಕ್ಷ ಬೇಕು. ಅದಕ್ಕಾಗಿ ಅವರು ಶುಕ್ರವಾರವೇ ಗ್ರಾಮ ಆಡಳಿತಾಧಿಕಾರಿಯ ಮುಂದೆ ಹೋಗಿ ನಿಂತಿದ್ದರು. ಪ್ರಜ್ಞಾ ಎಂಬ ಹೊಸದಾಗಿ ಬಂದ ಹುಡುಗಿ, ಅರ್ಜಿ ತುಂಬಿಸಲು ಪೆನ್ನು ತೆಗೆದಳು.

"ಮೃತರ ಹೆಸರು?"

"ಮಲ್ಲಿಕಾರ್ಜುನಯ್ಯ, ಮೇಷ್ಟ್ರು."

"ಯಾವ ಸ್ವತ್ತಿಗೆ?"

"ಯೂಸರು."

"ಸರ್ವೆ ನಂಬರ್?"

"ಮೇಲಿಂದ ಐದನೇದು."

"ವಿಸ್ತೀರ್ಣ?"

ರುದ್ರಮೂರ್ತಿ ಎರಡು ಬೆರಳು ಜೋಡಿಸಿ ತೋರಿಸಿದರು. ಪ್ರಜ್ಞಾ ಪೆನ್ನು ಕೆಳಗಿಟ್ಟಳು. ಪೂರ್ತಿ ಕತೆ ಕೇಳಿದಳು. ನಗು ತಡೆಯಲು ತುಟಿ ಕಚ್ಚಿಕೊಂಡು, "ಸಾರ್, ಇದಕ್ಕೆ ವಂಶವೃಕ್ಷ ಬೇಡ. ಅವರ ಹೆಂಡತೀನೇ ಹೋಗಿ ಕೇಳ್ಬಿಡಿ, ಖುಷಿ ಪಡ್ತಾರೆ" ಅಂದಳು. ಅಧಿಕಾರಿಯ ಮೌಖಿಕ ಆದೇಶ ಎಂದು ರುದ್ರಮೂರ್ತಿ ಅದನ್ನು ಪತ್ರದ ಹಿಂದೆ ಗುರುತು ಮಾಡಿಕೊಂಡಿದ್ದರು.

ಹೀಗಾಗಿ ಭಾನುವಾರ ರೈಲು ಹತ್ತಿ, ಬೀರೂರು ದಾಟಿ, ಕಡೂರಿನಲ್ಲಿ ಇಳಿದರು. ಮೇಷ್ಟ್ರ ಹೆಂಡತಿ ತೀರ್ಥಮ್ಮ ಅಲ್ಲಿ ಮಗಳು ಸ್ಫೂರ್ತಿಯ ಮನೆಯಲ್ಲಿದ್ದರು. ರುದ್ರಮೂರ್ತಿ ಚಾಪೆಯ ಮೇಲೆ ಕೂತು ಪತ್ರವನ್ನು ಗಟ್ಟಿಯಾಗಿ ಓದಿದರು. 'ಚೆಕ್ಕುಬಂದಿ' ಬಂದಾಗಲೇ ಸ್ಫೂರ್ತಿ ಅಡುಗೆಮನೆಗೆ ಓಡಿದಳು. ಒಳಗಿನಿಂದ ನಕ್ಕ ಸದ್ದು ಬಂತು. ತೀರ್ಥಮ್ಮ ಮಾತ್ರ ನಗಲಿಲ್ಲ.

"ಅಲ್ಲಿ ಇವರ ಹೆಸರು ಇನ್ನೂ ಇದ್ಯಾ ರುದ್ರಪ್ಪಾ?"

"ಇದೆ ಅಕ್ಕಾ. ದಿನಾ ಬರುತ್ತೆ."

"ರೇಷನ್ ಕಾರ್ಡಿಂದ ತೆಗೆದ್ರು. ಪೆನ್ಶನ್‌ನಲ್ಲಿ ತೆಗೆದ್ರು. ಕರೆಂಟ್ ಬಿಲ್ಲೂ ನನ್ನ ಹೆಸರಿಗೆ ಬಂತು." ಅವರು ಸೆರಗಿನ ಅಂಚನ್ನು ಸರಿಮಾಡಿಕೊಂಡರು. "ನಾನು ಸಹಿ ಇಲ್ಲಿ ಹಾಕಲ್ಲ ಕಣಪ್ಪ. ನಾಳೆ ಅಲ್ಲಿಗೇ ಬತ್ತೀನಿ. ಆ ಹೆಸರು ನೋಡಿ ಹಾಕ್ತೀನಿ."

ಅದೂ ಸರಿಯೇ, ವಾರಸುದಾರರು ಸ್ವತ್ತನ್ನು ಕಣ್ಣಾರೆ ನೋಡಿ ಸಹಿ ಮಾಡುವುದು ಒಳ್ಳೆಯದು ಎಂದು ರುದ್ರಮೂರ್ತಿ ಒಪ್ಪಿದರು.

ಸೋಮವಾರ ಎರಡು ಗಂಟೆಗೆ ಸಂಘಮಿತ್ರಾ ಓಡೋಡಿ ಬಂದಾಗ ವಾಚನಾಲಯದ ಮುಂದೆ ಜನ ಸೇರಿದ್ದರು. ಓಂಕಾರಮೂರ್ತಿ ಬಾಗಿಲಿಗೆ ಅಡ್ಡ ನಿಂತು, "ಒಂದಡಿ ಜಾಗಾನೂ ಮಾರೋಕೆ ಬಿಡಲ್ಲ! ಆ ಆರ್ ಅನ್ನೋನು ಯಾರೇ ಆಗಿರ್ಲಿ, ಬರ್ಲಿ ನನ್ನೆದುರಿಗೆ!" ಎಂದು ಕೂಗುತ್ತಿದ್ದರು. ಸಂಘಮಿತ್ರಾ ಅವರ ತೋಳಿನ ಕೆಳಗೆ ನುಸುಳಿ ಒಳಗೆ ಬಂದಳು.

"ಅಣ್ಣಾ, ಆಯ್ತಾ?"

"ನಾಲ್ಕು ಸಹಿ ಆಯ್ತು ತಾಯಿ, ಐದನೇದು ನಿಂದು, ಹಾಕು. ಆರನೇದು ರೈಲಲ್ಲಿ ಬರ್ತಾ ಇದೆ," ಎಂದು ರುದ್ರಮೂರ್ತಿ ಹೆಮ್ಮೆಯಿಂದ ಪತ್ರ ಚಾಚಿದರು.

ಅವಳು ಓದಿದಳು. ಮೊದಲ ಸಾಲು, ಎರಡನೇ ಸಾಲು, ಸಹಿಗಳು, ಷರಾ. ಮೆಲ್ಲಗೆ ಕುರ್ಚಿಯಲ್ಲಿ ಕೂತಳು.

"ನಾಲ್ಕು ದಿನ ಇದನ್ನಾ ಅಣ್ಣ ಮಾಡಿದ್ದು?"

ಆಮೇಲೆ ಅಳು ಬಂತು ಅವಳಿಗೆ. ಗಟ್ಟಿಯಾಗಿ ಅಲ್ಲ. ಕೈಯಲ್ಲಿ ಪತ್ರ ಹಿಡಿದುಕೊಂಡೇ, ತಲೆ ತಗ್ಗಿಸಿ ಅತ್ತಳು. "ಹಳ್ಳಿಹಳ್ಳಿ ಸುತ್ತಿ ಬಿಸಿಲಲ್ಲಿ ಮನೆಮನೆಗೆ ಹೋಗಿ ಬರ್ಕೊಂಡಿದ್ದೆ. ಒಬ್ಬೊಬ್ಬರ ಹತ್ರಾನೂ, ನಿಮಗೆ ಒಳ್ಳೇದಾಗುತ್ತೆ ಅಂತ ಹೇಳಿ ಬೆರಳು ಚುಚ್ಚಿದ್ದೆ. ಕಂಪ್ಯೂಟರ್ ಕೇಳ್ತಿರೋದು ಒಂದು ಪಾಸ್‌ವರ್ಡ್ ಅಣ್ಣಾ. ಒಂದೇ ಒಂದು. ಇದನ್ನೆಲ್ಲ ಅದು ಕೇಳಿಲ್ಲ."

ಹೊರಗೆ ಕೂಗಾಡುತ್ತಿದ್ದವರು ಕಿಟಕಿಯಿಂದ ಇಣುಕಿದರು. ಧನಪಾಲರು ಕೆಮ್ಮಿದರು. ಹಿರೇನಲ್ಲೂರಿನಲ್ಲಿ ಒಂದು ಸಹಿ ಬಿಟ್ಟು ಒಬ್ಬ ಹೆಣ್ಣುಮಗಳನ್ನು ಅಳಿಸಿದ್ದೆ, ಇಲ್ಲಿ ಎಲ್ಲರ ಸಹಿ ಹಾಕಿಸಿ ಇನ್ನೊಬ್ಬಳನ್ನು ಅಳಿಸಿದೆನಲ್ಲ ಎಂದು ರುದ್ರಮೂರ್ತಿಯವರಿಗೆ ಅನ್ನಿಸಿತು. ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, "ತಪ್ಪಾಯ್ತು ಕಣವ್ವ. ನನಗೆ ಕಂಪ್ಯೂಟರ್ ಬರಲ್ಲ. ಯಾವತ್ತೂ ಬರ್ತಿರ್ಲಿಲ್ಲ" ಅಂದರು. ಇಷ್ಟು ಜನರ ಮುಂದೆ ಆ ಮಾತನ್ನು ಆಡಲು ಆ ಮನುಷ್ಯನಿಗೆ ಎಷ್ಟು ಕಷ್ಟವಾಗಿರಬೇಕು ನೀವೇ ಯೋಚಿಸಿ.

ಆಗ ಜನ ದಾರಿ ಬಿಟ್ಟರು. ತೀರ್ಥಮ್ಮ ಒಂದು ಕೈಚೀಲ ಹಿಡಿದು ಒಳಗೆ ಬಂದರು. ಗಡಿಯಾರದಲ್ಲಿ ಎರಡೂ ಮುಕ್ಕಾಲು.

"ರೈಲು ತಡವಾಯ್ತು. ಎಲ್ಲಿ ಸಹಿ ಹಾಕ್ಬೇಕು?" ಅಂದರು.

ಉತ್ತರಕ್ಕೆ ಕಾಯದೆ ತೀರ್ಥಮ್ಮ ಪರದೆಯ ಹತ್ತಿರ ಹೋದರು. ಆರು ಹೆಸರುಗಳಲ್ಲಿ ಗಂಡನ ಹೆಸರು ಹುಡುಕಿ, ಅದರ ಮೇಲೆ ಬೆರಳಿಟ್ಟರು. "ಇದೇ ಅಲ್ವಾ? ಎಲ್ಲರ ಹೆಸರಿನ ಕೆಳಗೂ ಏನೂ ಇಲ್ಲ. ಇವರ ಕೆಳಗೆ ಮಾತ್ರ ಏನೋ ಸಣ್ಣಕ್ಕೆ ಬರೆದಿದೆಯಲ್ಲ, ಏನವ್ವ ಅದು?"

ಸಂಘಮಿತ್ರಾ ಕಣ್ಣೊರೆಸಿಕೊಂಡು ಬಗ್ಗಿ ನೋಡಿದಳು. ಅವಳು ದಿನಾ ತನ್ನ ಹೆಸರನ್ನು ಒತ್ತಿ ಒಳಗೆ ಹೋಗುವವಳು, ಬೇರೆಯವರ ಹೆಸರಿನ ಕೆಳಗೆ ಏನಿದೆ ಎಂದು ಎಂದೂ ನೋಡಿರಲಿಲ್ಲ. ನೋಡಿದವಳು ಧಡಕ್ಕನೆ ನೆಟ್ಟಗೆ ಕೂತಳು.

"ಅಡ್ಮಿನಿಸ್ಟ್ರೇಟರ್ ಅಂತಿದೆ! ರುದ್ರಣ್ಣಾ, ಅಡ್ಮಿನ್ ಮೇಷ್ಟ್ರೇ! ಅಮ್ಮಾ, ಅವರ ಪಾಸ್‌ವರ್ಡ್ ನಿಮಗೇನಾದ್ರೂ ಗೊತ್ತಾ? ಎಲ್ಲಾದ್ರೂ ಬರೆದಿಟ್ಟಿದ್ರಾ? ಏನಾದ್ರೂ ನಂಬರ್ ಹೇಳ್ತಿದ್ರಾ?"

"ಪಾಸ್‌ವರ್ಡ್ ಅಂದ್ರೆ ನನಗೇನು ಗೊತ್ತವ್ವ. ನಂಬರ್ ಅಂದ್ರೆ..." ತೀರ್ಥಮ್ಮ ಹಣೆ ಗಂಟಿಕ್ಕಿದರು. "ದಿನಾ ಹತ್ತು ಗಂಟೆಗೆ ಇಲ್ಲಿಂದ ಫೋನ್ ಮಾಡೋರು. 'ತೀರ್ಥಾ, ನಮ್ಮ ಗಾಡಿ ನಂಬರ್ ಏನೇ?' ಅಂತ. ಗಾಡಿ ಮಾರಿ ಯಾವ ಕಾಲ ಆಗಿತ್ತು! ಯಾಕ್ರೀ ಅಂದ್ರೆ, 'ಈ ಕಂಪ್ಯೂಟರ್ ಕೇಳುತ್ತೆ ಕಣೇ, ನನಗೆ ಮರೆತುಹೋಯ್ತು' ಅನ್ನೋರು. ಹೇಳ್ತಿದ್ದೆ. ಆರು ವರ್ಷ, ಒಂದು ದಿನ ತಪ್ಪದಂಗೆ."

"ಆ ನಂಬರ್ ಹೇಳಿ ಅಮ್ಮಾ!"

ತೀರ್ಥಮ್ಮ ಸೆಟೆದು ನಿಂತರು. ತರಗತಿಯಲ್ಲಿ ಮಗ್ಗಿ ಒಪ್ಪಿಸುವ ಮಗುವಿನ ಹಾಗೆ ಒಂದೊಂದೇ ಅಕ್ಷರ, ಒಂದೊಂದೇ ಅಂಕಿ ಬಿಡಿಸಿ ಹೇಳಿದರು. ಸಂಘಮಿತ್ರಾ ಒತ್ತುತ್ತ ಹೋದಳು. ಕೊನೆಯ ಅಂಕಿ ಒತ್ತಿ, ಉಸಿರು ಬಿಗಿಹಿಡಿದು, ಎಂಟರ್ ಹೊಡೆದಳು.

ಪರದೆ ತೆರೆಯಿತು.

"ಬಂತು!" ಎಂದು ಮೊದಲು ಕೂಗಿದವರು ಧನಪಾಲರು. ಓಂಕಾರಮೂರ್ತಿ ಬಾಗಿಲು ಬಿಟ್ಟು ಒಳಗೆ ನುಗ್ಗಿದರು. ಜಾಗದ ಮಾತು ಯಾರಿಗೂ ನೆನಪಿರಲಿಲ್ಲ. ಸಂಘಮಿತ್ರಾ ಏನೇನೋ ಒತ್ತಿದಳು, ಆ ಚೌಕ ಮತ್ತೆ ಬಂತು, 'ಇನ್‌ಸ್ಟಾಲ್ ಫಾರ್ ಆಲ್ ಯೂಸರ್ಸ್'. ಈ ಸಲ ಅಪ್ಪಣೆ ಕೇಳಲಿಲ್ಲ. ಕಪ್ಪು ಕಿಟಕಿಯಲ್ಲಿ ಇಂಗ್ಲಿಷ್ ಸಾಲುಗಳು ಸರಸರನೆ ಇಳಿದವು. ಒಂದನೇ ಪ್ಯಾಕೇಜ್ ಬಂತು. ಎರಡನೆಯದು ಬಂತು. ಮೂರನೆಯದು ಅರ್ಧಕ್ಕೆ ನಿಂತಾಗ ಹದಿನೈದು ಜನ ಒಟ್ಟಿಗೆ "ಅಯ್ಯೋ" ಅಂದರು. ಅದೂ ಬಂತು. ಅವಳು ಮೇಷ್ಟ್ರ ಹೆಸರಿನಿಂದ ಹೊರಬಂದು ತನ್ನ ಹೆಸರಿನಲ್ಲಿ ಒಳಹೋದಳು. ಅಲ್ಲೂ ಮೂರೂ ಇದ್ದವು. ನಾನ್ನೂರ ಎಂಬತ್ತು ಹೆಂಗಸರು ಸಾಲಾಗಿ ಬಂದು ಪಟ್ಟಿಗಳಲ್ಲಿ ಕೂತರು. ಊಟದ ಜೊತೆ ಜೊತೆಗೇ ಕಾಫಿ ಟೀ ಕುಡಿಯುವವರಿಗೆ ಮಾತ್ರೆ ತಿಂದರೂ ರಕ್ತ ಏರುತ್ತಿರಲಿಲ್ಲ ಎಂದು ಅವಳ ಲೆಕ್ಕ ಹೇಳಿತು. ಧನಪಾಲರು ಕೈಯಲ್ಲಿದ್ದ ಟೀ ಲೋಟವನ್ನು ಸದ್ದಿಲ್ಲದೆ ಕಿಟಕಿಯಲ್ಲಿಟ್ಟರು.

ನಾಲ್ಕಕ್ಕೆ ಎಂಟು ನಿಮಿಷ ಇರುವಾಗ ರಿಪೋರ್ಟ್ ಹೋಯಿತು. ತಲುಪಿದೆ ಎಂಬ ಉತ್ತರವೂ ಬಂತು. ಸಂಘಮಿತ್ರಾ ಎದ್ದು, ತೀರ್ಥಮ್ಮನ ಕಾಲಿಗೆ ಬಗ್ಗಿದಳು. ಆಮೇಲೆ ರುದ್ರಮೂರ್ತಿಯವರ ಎರಡೂ ಕೈ ಹಿಡಿದುಕೊಂಡು, "ನೀವು ಹೋಗಿ ಕರೀದಿದ್ರೆ ಅಮ್ಮ ಬರ್ತಿರ್ಲಿಲ್ಲ ಅಣ್ಣಾ" ಅಂದಳು.

ಜನ ಚದುರಿದರು. ತೀರ್ಥಮ್ಮ ಮಾತ್ರ ಕಂಪ್ಯೂಟರಿನ ಮುಂದೆ ಕೂತೇ ಇದ್ದರು. ಪತ್ರ ಕೇಳಿ ಇಸಿದುಕೊಂಡು, ಗಂಡನ ಹೆಸರಿನ ಎದುರು ನಿಧಾನವಾಗಿ ತಮ್ಮ ಸಹಿ ಹಾಕಿದರು. ಹಾಕಿ ನಿಟ್ಟುಸಿರು ಬಿಟ್ಟರು.

"ವಯಸ್ಸಾಯ್ತು ನೋಡು ರುದ್ರಪ್ಪ. ಇಪ್ಪತ್ತೊಂಬತ್ತರ ಮಗ್ಗಿ ನಿದ್ದೇಲೂ ಹೇಳೋರು, ಈ ಒಂದು ನಂಬರ್ ಮಾತ್ರ ದಿನಾ ಮರೆಯೋರು. ಈಗ್ಲೂ ಹತ್ತು ಗಂಟೆ ಆದ್ರೆ ಫೋನ್ ಕಡೆ ನೋಡ್ತೀನಿ. ಪಾಪ, ಅಷ್ಟು ಮರೆವು ಬಂದಿತ್ತು ಅವರಿಗೆ."

ರುದ್ರಮೂರ್ತಿ ಪೆನ್ನಿನ ಮುಚ್ಚಳ ಹಾಕುತ್ತಿದ್ದವರು ಹಾಗೇ ನಿಂತರು. ಆರು ವರ್ಷ ಅವರು ಕೂರುತ್ತಿದ್ದದ್ದು ಮೇಷ್ಟ್ರ ಪಕ್ಕದ ಕುರ್ಚಿಯಲ್ಲಿ. ಬೆಳಗಿನ ಪೇಪರ್ ಹರಡಿಕೊಂಡು ದಿನಾ ನೋಡುತ್ತಿದ್ದ ನೋಟ ಈಗ ಅವರ ಕಣ್ಣ ಮುಂದೆ ಬಂತು. ಆಗ ಅದರ ಅರ್ಥ ಆಗಿರಲಿಲ್ಲ. ಗಾಡಿಯ ಇನ್ಶೂರೆನ್ಸ್ ವಿಷಯ ಇರಬೇಕು ಎಂದುಕೊಂಡಿದ್ದರು.

"ಅಕ್ಕಾ," ಅಂದರು ಮೆಲ್ಲಗೆ. "ಮೇಷ್ಟ್ರಿಗೆ ಮರೆವು ಇರ್ಲಿಲ್ಲ. ನಾನು ಪಕ್ಕದಲ್ಲೇ ಇರ್ತಿದ್ನಲ್ಲ. ಬಂದು ಕೂತು ಟಕಟಕಾಂತ ಹೊಡೆಯೋರು, ಕಂಪ್ಯೂಟರ್ ತೆರ್ಕೊಳ್ಳೋದು. ಅದು ತೆರ್ಕೊಂಡ ಮೇಲೆ, ಕನ್ನಡಕ ಒರೆಸಿಕೊಂಡು, ಆಮೇಲೇ ಅವರು ನಿಮಗೆ ಫೋನ್ ಮಾಡ್ತಿದ್ದಿದ್ದು."

ತೀರ್ಥಮ್ಮ ಅವರನ್ನೇ ನೋಡಿದರು. ಸೆರಗು ಬಾಯಿಗೆ ಹೋಯಿತು.

"ಕಳ್ಳ!" ಅಂದರು. "ಆರು ವರ್ಷ ಒಲೆ ಮೇಲೆ ಹಾಲು ಬಿಟ್ಟು ಓಡಿಬಂದು ಹೇಳಿದೀನಿ ಕಣಪ್ಪಾ!"